ರಾಕೆಟ್ ಕೇಂದ್ರಕ್ಕೆ ಹೆಸರಾದ ಮೇಷ್ಟ್ರು: ಪ್ರೊ. ಸತೀಶ್ ಧವನ್

2023ರ ಜುಲೈ 14ರಂದು ಚಂದ್ರಯಾನ-3 ನೌಕೆಯನ್ನು ಹೊತ್ತ ರಾಕೆಟ್ ಆಕಾಶಕ್ಕೆ ಚಿಮ್ಮಿದ ದೃಶ್ಯವನ್ನು ನಮ್ಮಲ್ಲಿ ಬಹುತೇಕ ಎಲ್ಲರೂ ಟಿ.ವಿ.ಯಲ್ಲಿ ನೋಡಿದ್ದೇವೆ. ಅಂದು ಮತ್ತೆ ಮತ್ತೆ ಕೇಳಿಬಂದ ಹೆಸರು ಸತೀಶ್ ಧವನ್ ಬಾಹ್ಯಾಕಾಶ ಕೇಂದ್ರ, ಶ್ರೀಹರಿಕೋಟಾ. ಆಂಧ್ರಪ್ರದೇಶದ ಕರಾವಳಿಯ ಈ ಉಡಾವಣಾ ಕೇಂದ್ರಕ್ಕೆ 2002ರ ಸೆಪ್ಟೆಂಬರ್‌ನಲ್ಲಿ ಆ ಹೆಸರನ್ನು ಇಡಲಾಯಿತು. ಆದರೆ ಈ ಸತೀಶ್ ಧವನ್ ಯಾರು ಎಂದು ನಮ್ಮ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದರೆ ಹೆಚ್ಚಿನವರು ಯಾರೋ ದೊಡ್ಡ ರಾಕೆಟ್ ವಿಜ್ಞಾನಿ ಇರಬೇಕು ಎಂದು ಹೇಳಿ ಸುಮ್ಮನಾಗುತ್ತಾರೆ.

ವಾಸ್ತವದಲ್ಲಿ ಅವರು ಮೊದಲಿನಿಂದ ಕೊನೆಯವರೆಗೂ ಒಬ್ಬ ಅಧ್ಯಾಪಕರಾಗಿದ್ದರು. ದೇಶದ ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷ ಸ್ಥಾನ ಮನೆ ಬಾಗಿಲಿಗೆ ಬಂದಾಗಲೂ ವಿದ್ಯಾಸಂಸ್ಥೆಯನ್ನು ಬಿಟ್ಟು ಬರುವುದಿಲ್ಲ ಎಂದವರು ಅವರು. ಬಾಹ್ಯಾಕಾಶ ಎಂಜಿನಿಯರಿಂಗ್ ಓದಬೇಕೆಂಬ ಆಸೆ ಇರುವ ಇಂದಿನ ವಿದ್ಯಾರ್ಥಿಗಳಿಗೂ, ಮಕ್ಕಳನ್ನು ಯಾವ ಕೋರ್ಸಿಗೆ ಸೇರಿಸುವುದೆಂದು ಚಿಂತಿಸುವ ತಂದೆ ತಾಯಿಯರಿಗೂ ಅವರ ಬದುಕಿನಿಂದ ತಿಳಿಯಬೇಕಾದದ್ದು ಬಹಳಷ್ಟಿದೆ. ಆ ಉದ್ದೇಶದಿಂದಲೇ ಈ ಲೇಖನ.

ಲಾಹೋರಿನ ಮೂರು ಪದವಿಗಳು

ಸತೀಶ್ ಧವನ್ ಹುಟ್ಟಿದ್ದು 1920ರ ಸೆಪ್ಟೆಂಬರ್ 25ರಂದು, ಕಾಶ್ಮೀರದ ಶ್ರೀನಗರದಲ್ಲಿ. ಅವರ ಉನ್ನತ ಶಿಕ್ಷಣ ನಡೆದದ್ದು ಅಂದಿನ ಅವಿಭಜಿತ ಭಾರತದ ವಿದ್ಯಾಕೇಂದ್ರವಾಗಿದ್ದ ಲಾಹೋರಿನಲ್ಲಿ. ಅಲ್ಲಿನ ಪಂಜಾಬ್ ವಿಶ್ವವಿದ್ಯಾಲಯದಿಂದ ಅವರು ಒಂದಲ್ಲ, ಮೂರು ಪದವಿಗಳನ್ನು ಪಡೆದರು. ಮೊದಲನೆಯದು ಗಣಿತ ಮತ್ತು ಭೌತಶಾಸ್ತ್ರದಲ್ಲಿ ಬಿ.ಎ. ಎರಡನೆಯದು ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮೂರನೆಯದು ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ಬಿ.ಇ.

ಇಂದು ಯಾರಾದರೂ ಹುಡುಗ ಹೀಗೆ ಓದಿದರೆ ಮನೆಯವರು ಏನೆನ್ನುತ್ತಾರೆ? ಇವನಿಗೆ ತಲೆ ನಿಲ್ಲುವುದಿಲ್ಲ, ವರ್ಷಗಳನ್ನು ವ್ಯರ್ಥ ಮಾಡುತ್ತಿದ್ದಾನೆ ಎನ್ನುತ್ತಾರೆ. ಧವನ್ ಅವರು ಎಂಜಿನಿಯರಿಂಗ್ ಪದವಿ ಪಡೆದದ್ದು 1945ರಲ್ಲಿ. ಆಗ ಅವರಿಗೆ ಹೆಚ್ಚುಕಡಿಮೆ ಇಪ್ಪತ್ತೈದು ವರ್ಷ. ಆದರೆ ಆ ಮೂರು ಪದವಿಗಳಲ್ಲಿ ಒಂದೂ ವ್ಯರ್ಥವಾಗಲಿಲ್ಲ. ಗಣಿತ ಮತ್ತು ಭೌತಶಾಸ್ತ್ರ ಅವರ ಸಂಶೋಧನೆಗೆ ತಳಪಾಯವಾದವು. ಎಂಜಿನಿಯರಿಂಗ್ ಕೈಗೆ ಕೆಲಸ ಕಲಿಸಿತು. ನೂರಾರು ಪರಿಣತರನ್ನು ಒಂದೇ ಮೇಜಿನ ಸುತ್ತ ಕೂರಿಸಿ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಅರ್ಥವಾಗುವಂತೆ ತಿಳಿಸಬೇಕಾದ ಕಾಲ ಮುಂದೆ ಬಂದಾಗ ಸಾಹಿತ್ಯದ ಓದು ಉಪಕಾರಕ್ಕೆ ಬಾರದೆ ಇದ್ದೀತೆ?

ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ

ಎಂಜಿನಿಯರಿಂಗ್ ಮುಗಿಸಿದ ಯುವಕ ಧವನ್ ತರಬೇತಿಗಾಗಿ ಬಂದದ್ದು ನಮ್ಮ ಬೆಂಗಳೂರಿಗೆ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ಆರಂಭಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಎರಡನೇ ಮಹಾಯುದ್ಧದ ಕಾಲದಲ್ಲಿ ಯುದ್ಧವಿಮಾನಗಳ ದುರಸ್ತಿಯ ದೊಡ್ಡ ಕೇಂದ್ರವಾಗಿತ್ತು. ಅಲ್ಲಿ ಸುಮಾರು ಒಂದು ವರ್ಷ ಕಳೆದ ಅವರಿಗೆ ವಿಮಾನ ಎಂಬುದು ಪುಸ್ತಕದ ಚಿತ್ರವಾಗಿ ಉಳಿಯದೆ ಕೈಯಿಂದ ಮುಟ್ಟುವ ವಸ್ತುವಾಯಿತು.

ನಂತರ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅವರು ಅಮೆರಿಕಕ್ಕೆ ಹೋದರು. 1947ರಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾಲಯದಿಂದ ವಿಮಾನ ಎಂಜಿನಿಯರಿಂಗ್‌ನಲ್ಲಿ ಎಂ.ಎಸ್. ಪದವಿ ಪಡೆದರು. ಅದೇ ವರ್ಷ ದೇಶ ಸ್ವತಂತ್ರವಾಯಿತು, ವಿಭಜನೆಯೂ ಆಯಿತು. ಅವರು ಓದಿ ಬೆಳೆದ ಲಾಹೋರ್ ಗಡಿಯ ಆಚೆಗೆ ಹೋಯಿತು. ಓದು ಮುಗಿಸಿ ಬರುವ ಹೊತ್ತಿಗೆ ಹೊರಟು ಬಂದ ದೇಶದ ನಕ್ಷೆಯೇ ಬೇರೆಯಾಗಿತ್ತು.

ಅಲ್ಲಿಂದ ಅವರು ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಎಂಬ ಪ್ರಸಿದ್ಧ ಸಂಸ್ಥೆಗೆ ಸೇರಿದರು. ಹಂಗೇರಿಯಿಂದ ಬಂದ ಮಹಾವಿಜ್ಞಾನಿ ಥಿಯೋಡರ್ ಫಾನ್ ಕಾರ್ಮಾನ್ ಅವರು ಅಲ್ಲಿ ಕಟ್ಟಿ ಬೆಳೆಸಿದ್ದ ವಾಯುಯಾನ ಪ್ರಯೋಗಾಲಯ ಆ ಕಾಲದಲ್ಲಿ ಪ್ರಪಂಚಕ್ಕೇ ಹೆಸರಾಗಿತ್ತು. 1936ರಲ್ಲಿ ಅದೇ ಪ್ರಯೋಗಾಲಯದ ಕೆಲವು ವಿದ್ಯಾರ್ಥಿಗಳು ಊರ ಹೊರಗಿನ ಒಣ ಹಳ್ಳವೊಂದರಲ್ಲಿ ಪುಟ್ಟ ರಾಕೆಟ್ ಎಂಜಿನ್ನುಗಳನ್ನು ಉರಿಸಿ ನೋಡಿದ್ದರು. ಆ ಹುಡುಗಾಟದಂತಹ ಪ್ರಯೋಗವೇ ಬೆಳೆದು ಇಂದು ಗ್ರಹಗಳಿಗೆ ನೌಕೆ ಕಳುಹಿಸುವ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಆಯಿತು. ವಿಶ್ವವಿದ್ಯಾಲಯದ ಪಾಠದ ಕೊಠಡಿ ಮತ್ತು ರಾಕೆಟ್ ನೆಲೆ ಒಂದಕ್ಕೊಂದು ದೂರ ಇರಬೇಕಾಗಿಲ್ಲ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಧವನ್ ಅವರು ಮುಂದೆ ಬೆಂಗಳೂರಿನಲ್ಲಿ ಮಾಡಲು ಹೊರಟದ್ದೂ ಇದನ್ನೇ.

ಗಾಳಿಯ ಉಜ್ಜುವಿಕೆಯನ್ನು ಅಳೆದವರು

ಕ್ಯಾಲ್‌ಟೆಕ್‌ನಲ್ಲಿ ಅವರಿಗೆ ಗುರುಗಳಾಗಿ ದೊರೆತವರು ಪ್ರೊ. ಹಾನ್ಸ್ ಲೀಪ್‌ಮನ್. 1949ರಲ್ಲಿ ಏರೋನಾಟಿಕಲ್ ಎಂಜಿನಿಯರ್ ಎಂಬ ಪದವಿ, 1951ರಲ್ಲಿ ಪಿಎಚ್.ಡಿ. ಎರಡನ್ನೂ ಅವರು ಅಲ್ಲಿಂದಲೇ ಪಡೆದರು. ಪಿಎಚ್.ಡಿ.ಗಾಗಿ ಅವರು ಆರಿಸಿಕೊಂಡ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ವಿಮಾನವಾಗಲಿ ರಾಕೆಟ್ಟಾಗಲಿ ಗಾಳಿಯಲ್ಲಿ ಸಾಗುವಾಗ ಅದರ ಮೈಗೆ ಗಾಳಿ ಉಜ್ಜುತ್ತದೆ. ಮೈಗೆ ತಾಗಿಕೊಂಡ ಗಾಳಿಯ ತೆಳುವಾದ ಪದರವೊಂದು ವೇಗ ಕಳೆದುಕೊಂಡು ವಾಹನವನ್ನು ಹಿಂದಕ್ಕೆ ಎಳೆಯುತ್ತದೆ. ಇದನ್ನು ಗಡಿಪದರ ಎನ್ನುತ್ತಾರೆ. ಈ ಎಳೆತ ಎಷ್ಟು ಎಂದು ಲೆಕ್ಕ ಹಾಕುವ ಸೂತ್ರಗಳು ಇದ್ದವು. ಆದರೆ ಶಬ್ದದ ವೇಗದ ಆಸುಪಾಸಿನಲ್ಲಿ ಮತ್ತು ಅದನ್ನು ಮೀರಿದಾಗ ಆ ಸೂತ್ರಗಳು ಎಷ್ಟು ಸರಿ ಎಂದು ನೇರವಾಗಿ ಅಳೆದು ನೋಡುವುದು ಬಹಳ ಕಷ್ಟವಾಗಿತ್ತು. ಬೇರೆ ಅಳತೆಗಳಿಂದ ಊಹಿಸಿಕೊಳ್ಳುವುದೇ ರೂಢಿಯಾಗಿತ್ತು.

ಧವನ್ ಅವರು ಮಾಡಿದ ಉಪಾಯ ಇದು. ಗಾಳಿ ಹರಿಯುವ ಚಪ್ಪಟೆ ಫಲಕದಲ್ಲಿ ಒಂದು ಸಣ್ಣ ತುಂಡನ್ನು ಕತ್ತರಿಸಿ ಬಿಡಿಯಾಗಿಸಿದರು. ಸುತ್ತಲೂ ಕೂದಲೆಳೆಯಷ್ಟು ಸಂದು ಬಿಟ್ಟು, ಆ ತುಂಡು ಫಲಕದ ಮಟ್ಟಕ್ಕೇ ಸರಿಯಾಗಿ ನಿಲ್ಲುವಂತೆ, ಆದರೆ ಅತ್ತಿತ್ತ ಅಲುಗಬಲ್ಲಂತೆ ತೆಳು ಪಟ್ಟಿಗಳ ಮೇಲೆ ಕೂರಿಸಿದರು. ಗಾಳಿ ಬೀಸಿದಾಗ ಉಜ್ಜುವಿಕೆಯಿಂದ ತುಂಡು ಕಣ್ಣಿಗೆ ಕಾಣದಷ್ಟು ಸರಿಯುತ್ತದೆ. ಆ ಸರಿತವನ್ನು ವಿದ್ಯುತ್ ಉಪಕರಣದಿಂದ ಅಳೆದರೆ ಎಳೆತದ ಬಲ ಗೊತ್ತಾಗುತ್ತದೆ. ಕೇಳಲು ಸುಲಭ. ಆದರೆ ಆ ತುಂಡು ಸ್ವಲ್ಪ ಮೇಲೆದ್ದರೂ, ಸ್ವಲ್ಪ ತಗ್ಗಿದರೂ, ಗಾಳಿಸುರಂಗ ತುಸು ನಡುಗಿದರೂ ಅಳತೆ ಕೆಡುತ್ತದೆ. ಅವರ ಅಳತೆಗಳು ಎಷ್ಟು ನಂಬಿಕಸ್ತವಾಗಿದ್ದವೆಂದರೆ ಈ ವಿಷಯದ ಪ್ರಮಾಣ ಗ್ರಂಥಗಳಲ್ಲಿ ಅವರ ಹೆಸರಿನೊಂದಿಗೆ ಅಚ್ಚಾಗಿ, ಪ್ರಪಂಚದಾದ್ಯಂತ ವಿದ್ಯಾರ್ಥಿಗಳು ಅವುಗಳನ್ನು ಓದುವಂತಾಯಿತು.

ದೊಡ್ಡ ರಾಕೆಟ್ಟಿನ ಕನಸು ಕಾಣುವ ನಮ್ಮ ಹುಡುಗರು ಗಮನಿಸಬೇಕಾದ ಅಂಶ ಇದು. ದೇಶದ ಬಾಹ್ಯಾಕಾಶ ಕಾರ್ಯಕ್ರಮವನ್ನು ಮುಂದೆ ನಡೆಸಿದ ವ್ಯಕ್ತಿ ತನ್ನ ಯೌವನದ ಅಮೂಲ್ಯ ವರ್ಷಗಳನ್ನು ಕೊಟ್ಟದ್ದು ಬೆರಳಿನಷ್ಟು ಅಗಲವೂ ಇಲ್ಲದ ಲೋಹದ ತುಂಡೊಂದನ್ನು ಸರಿಯಾಗಿ ಕೂರಿಸುವುದಕ್ಕೆ. ಸಣ್ಣದನ್ನು ಸರಿಯಾಗಿ ಮಾಡುವ ಅಭ್ಯಾಸವೇ ದೊಡ್ಡದಕ್ಕೆ ದಾರಿ.

ಟಾಟಾ ಇನ್‌ಸ್ಟಿಟ್ಯೂಟಿನ ಮೇಷ್ಟ್ರು

ಅಮೆರಿಕದಲ್ಲಿ ಉಳಿಯುವ ಅರ್ಹತೆ ಅವರಿಗೆ ಖಂಡಿತ ಇತ್ತು. ಆದರೆ 1951ರಲ್ಲಿ ಅವರು ಹಿಂದಿರುಗಿ ಬಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಸಂಸ್ಥೆಯನ್ನು ಸೇರಿದರು. ಅಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ 1942ರಲ್ಲೇ ಆರಂಭವಾಗಿತ್ತು. ಸೀನಿಯರ್ ಸೈಂಟಿಫಿಕ್ ಆಫೀಸರ್ ಆಗಿ ಸೇರಿದ ಧವನ್ ಅವರು 1955ರಲ್ಲಿ ಪ್ರಾಧ್ಯಾಪಕರೂ ವಿಭಾಗದ ಮುಖ್ಯಸ್ಥರೂ ಆದರು.

ಶಬ್ದದ ವೇಗವನ್ನು ಮೀರಿದ ಗಾಳಿಯ ಹರಿವನ್ನು ಅಭ್ಯಾಸ ಮಾಡಲು ದೇಶದಲ್ಲಿ ಗಾಳಿಸುರಂಗವೇ ಇರಲಿಲ್ಲ. ಹೊರದೇಶದಿಂದ ದೊಡ್ಡದನ್ನು ತರಿಸಲು ಹಣವಿರಲಿಲ್ಲ. ಅವರು ಅದಕ್ಕಾಗಿ ಕಾಯುತ್ತ ಕೂರಲಿಲ್ಲ. ಒಂದು ಅಂಗುಲ ಅಗಲ, ಮೂರು ಅಂಗುಲ ಎತ್ತರದಷ್ಟು ಮಾತ್ರ ಬಾಯಿರುವ ಪುಟ್ಟ ಸುರಂಗವನ್ನು ಸಂಸ್ಥೆಯಲ್ಲೇ ಕಟ್ಟಿದರು. ಭಾರತದ ಮೊದಲ ಶಬ್ದಾತೀತ ಗಾಳಿಸುರಂಗ ಅದು. ಅಲ್ಲಿ ಪಡೆದ ಅನುಭವವೇ ಮುಂದೆ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ 1960ರ ದಶಕದಲ್ಲಿ ಎದ್ದು ನಿಂತ ನಾಲ್ಕು ಅಡಿಯ ದೊಡ್ಡ ಸುರಂಗಕ್ಕೆ ನೆರವಾಯಿತು. ನಮ್ಮ ದೇಶದ ರಾಕೆಟ್ಟುಗಳ ಮಾದರಿಗಳು ಆಕಾಶಕ್ಕೆ ಹೋಗುವ ಮೊದಲು ಪರೀಕ್ಷೆಗೆ ಒಳಗಾದದ್ದು ಆ ದೊಡ್ಡ ಸುರಂಗದಲ್ಲೇ.

ಅಂದಿನ ಅವರ ವಿದ್ಯಾರ್ಥಿಗಳಲ್ಲಿ ಒಬ್ಬರು ರೊದ್ದಂ ನರಸಿಂಹ. ಕನ್ನಡದಲ್ಲಿ ವಿಜ್ಞಾನ ಬರೆದ ಹಿರಿಯರಾದ ಆರ್.ಎಲ್. ನರಸಿಂಹಯ್ಯ ಅವರ ಮಗ. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದಾಗ, ವಿಜ್ಞಾನ ಸಂಸ್ಥೆಯ ಆವರಣದಲ್ಲಿ ನಿಲ್ಲಿಸಿದ್ದ ಸ್ಪಿಟ್‌ಫೈರ್ ಯುದ್ಧವಿಮಾನವನ್ನು ಕಂಡು ಮನಸೋತು ಈ ಕಡೆಗೆ ಬಂದವರು. ಗುರು ಶಿಷ್ಯರಿಬ್ಬರೂ ಸೇರಿ ಗಡಿಪದರದ ಗಾಳಿ ನಯವಾದ ಹರಿವಿನಿಂದ ಕಲಕಿದ ಹರಿವಿಗೆ ಹೇಗೆ ತಿರುಗುತ್ತದೆ ಎಂಬ ಬಗ್ಗೆ 1958ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಇಂದಿಗೂ ಸಂಶೋಧಕರು ಉಲ್ಲೇಖಿಸುತ್ತಾರೆ. ಆಮೇಲೆ ನರಸಿಂಹ ಅವರು ಗುರುವಿನ ಗುರುವಾದ ಲೀಪ್‌ಮನ್ ಅವರ ಬಳಿಗೇ ಹೋಗಿ ಪಿಎಚ್.ಡಿ. ಮಾಡಿ, ಗುರುವಿನಂತೆಯೇ ಬೆಂಗಳೂರಿಗೆ ಮರಳಿದರು. 2020ರಲ್ಲಿ ತೀರಿಕೊಳ್ಳುವವರೆಗೂ ಅವರು ದೇಶದ ಅಗ್ರಗಣ್ಯ ವಾಯುವಿಜ್ಞಾನಿಗಳಲ್ಲಿ ಒಬ್ಬರಾಗಿದ್ದರು. ಒಳ್ಳೆಯ ಮೇಷ್ಟ್ರ ನಿಜವಾದ ಆಸ್ತಿ ಇಂತಹ ಶಿಷ್ಯಪರಂಪರೆ.

1962ರಲ್ಲಿ ಧವನ್ ಅವರು ಸಂಸ್ಥೆಯ ನಿರ್ದೇಶಕರಾದರು. 1981ರವರೆಗೆ ಆ ಸ್ಥಾನದಲ್ಲಿದ್ದರು. ಆ ಸಂಸ್ಥೆಯನ್ನು ಅಷ್ಟು ದೀರ್ಘಕಾಲ ನಡೆಸಿದವರು ಬೇರೊಬ್ಬರಿಲ್ಲ. ಅವರ ಕಾಲದಲ್ಲಿ ಜಿ.ಎನ್. ರಾಮಚಂದ್ರನ್ ಅವರಂತಹ ವಿಜ್ಞಾನಿಗಳು ಬಂದು ಹೊಸ ವಿಭಾಗಗಳನ್ನು ಕಟ್ಟಿದರು. ಹಳ್ಳಿಗಳ ಒಲೆ, ಇಂಧನ, ಮನೆ ನಿರ್ಮಾಣಗಳಿಗೆ ವಿಜ್ಞಾನವನ್ನು ತಿರುಗಿಸುವ ಅಸ್ತ್ರ ಎಂಬ ಕೇಂದ್ರವೂ 1974ರಲ್ಲಿ ಅಲ್ಲೇ ಹುಟ್ಟಿತು.

ಪ್ರಧಾನಿಯವರ ಮುಂದಿಟ್ಟ ಷರತ್ತುಗಳು

ಭಾರತದ ಬಾಹ್ಯಾಕಾಶ ಕಾರ್ಯಕ್ರಮದ ಪಿತಾಮಹ ಡಾ. ವಿಕ್ರಂ ಸಾರಾಭಾಯಿ ಅವರು 1971ರ ಡಿಸೆಂಬರ್ 30ರಂದು ಕೇರಳದ ಕೋವಳಂನಲ್ಲಿ ಹಠಾತ್ತನೆ ತೀರಿಕೊಂಡರು. ಅವರಿಗೆ ಆಗ ಕೇವಲ ಐವತ್ತೆರಡು ವರ್ಷ. ಇಸ್ರೋ ಆರಂಭವಾಗಿ ಎರಡೂವರೆ ವರ್ಷವೂ ಆಗಿರಲಿಲ್ಲ. ಒಂದೂ ಉಪಗ್ರಹ ಹಾರಿರಲಿಲ್ಲ. ತಂದೆಯನ್ನು ಕಳೆದುಕೊಂಡ ಎಳೆಯ ಮನೆಯಂತಾಗಿತ್ತು ಆ ಸಂಸ್ಥೆ.

ಆಗ ಧವನ್ ಅವರು ರಜೆಯ ಮೇಲೆ ಕ್ಯಾಲ್‌ಟೆಕ್‌ಗೆ ಹೋಗಿ ಅಲ್ಲಿ ಮತ್ತೆ ಅಧ್ಯಯನದಲ್ಲಿ ತೊಡಗಿದ್ದರು. ಪ್ರಧಾನಿ ಇಂದಿರಾ ಗಾಂಧಿಯವರಿಂದ ಕರೆ ಬಂತು. ಇಸ್ರೋ ಹೊಣೆಯನ್ನು ಹೊರಬೇಕೆಂದು ಕೇಳಿಕೊಂಡರು. ಅಂತಹ ಹುದ್ದೆಗೆ ಎಷ್ಟೋ ಮಂದಿ ಕಾದಿರುತ್ತಾರೆ. ಧವನ್ ಅವರಾದರೋ ಒಪ್ಪುವ ಮೊದಲು ಷರತ್ತುಗಳನ್ನು ಇಟ್ಟರು. ವಿಜ್ಞಾನ ಸಂಸ್ಥೆಯ ನಿರ್ದೇಶಕ ಸ್ಥಾನವನ್ನು ತಾವು ಬಿಡುವುದಿಲ್ಲ. ಬಾಹ್ಯಾಕಾಶ ಕಾರ್ಯಕ್ರಮದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು. ಕ್ಯಾಲ್‌ಟೆಕ್‌ನಲ್ಲಿ ಕೈಗೆತ್ತಿಕೊಂಡ ಕೆಲಸ ಮುಗಿಯುವವರೆಗೆ ಕಾಯಬೇಕು. ಪ್ರಧಾನಿಯವರು ಮೂರಕ್ಕೂ ಒಪ್ಪಿದರು. ಅವರು ಬರುವವರೆಗೆ ಪ್ರೊ. ಎಂ.ಜಿ.ಕೆ. ಮೆನನ್ ಅವರು ಸಂಸ್ಥೆಯನ್ನು ನೋಡಿಕೊಂಡರು. 1972ರಲ್ಲಿ ಬಾಹ್ಯಾಕಾಶ ಆಯೋಗ ಮತ್ತು ಬಾಹ್ಯಾಕಾಶ ಇಲಾಖೆಗಳು ರಚನೆಯಾದವು. ಅದೇ ವರ್ಷ ಧವನ್ ಅವರು ಅಧಿಕಾರ ವಹಿಸಿಕೊಂಡರು.

ಇಸ್ರೋ ಪ್ರಧಾನ ಕಚೇರಿ ಇಂದು ನಮ್ಮ ಬೆಂಗಳೂರಿನಲ್ಲಿ ಇರುವುದಕ್ಕೆ ಹಿಂದಿನ ಕಾರಣ ಇದು. ಆದರೆ ಅದಕ್ಕಿಂತ ದೊಡ್ಡ ಅರ್ಥ ಆ ಮೊದಲನೆಯ ಷರತ್ತಿನಲ್ಲಿದೆ. ವಿಶ್ವವಿದ್ಯಾಲಯದಿಂದ ಬೇರೆಯಾದ ಬಾಹ್ಯಾಕಾಶ ಕಾರ್ಯಕ್ರಮ ಬೇರು ಕಡಿದ ಮರದಂತೆ ಎಂಬುದನ್ನು ಅವರು ಬಲ್ಲವರಾಗಿದ್ದರು. ಒಂಬತ್ತು ವರ್ಷ ಎರಡೂ ಹೊಣೆಗಳನ್ನು ಒಟ್ಟಿಗೆ ಹೊತ್ತರು. ದೇಶದ ಕಾಲೇಜು, ವಿಶ್ವವಿದ್ಯಾಲಯಗಳ ಅಧ್ಯಾಪಕರಿಗೆ ಇಸ್ರೋ ಹಣ ಕೊಟ್ಟು ಸಂಶೋಧನೆ ಮಾಡಿಸುವ ಯೋಜನೆ ಆ ಕಾಲದಲ್ಲಿ ಬೇರೂರಿತು. 1982ರಲ್ಲಿ ವಿಜ್ಞಾನ ಸಂಸ್ಥೆಯಲ್ಲೇ ಇಸ್ರೋದ ಒಂದು ಬಾಹ್ಯಾಕಾಶ ತಂತ್ರಜ್ಞಾನ ಘಟಕವೂ ಆರಂಭವಾಯಿತು.

ವ್ಯವಸ್ಥೆ ಎಂದರೇನು?

ಬಾಹ್ಯಾಕಾಶ ವ್ಯವಸ್ಥೆಗಳ ಎಂಜಿನಿಯರಿಂಗ್ ಎಂಬ ಮಾತು ಈಗ ವಿಶ್ವವಿದ್ಯಾಲಯಗಳ ಕೋರ್ಸುಗಳ ಪಟ್ಟಿಯಲ್ಲಿ ಕಾಣುತ್ತದೆ. ಅದರ ಅರ್ಥವೇನು? ಧವನ್ ಅವರ ಕಾಲದ ಕೆಲಸಗಳಿಂದಲೇ ಅದನ್ನು ತಿಳಿಯಬಹುದು.

ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಉಪಗ್ರಹವೊಂದು ನಿಲ್ಲಬೇಕಾದರೆ ಸೆಕೆಂಡಿಗೆ ಸುಮಾರು 7.8 ಕಿ.ಮೀ. ವೇಗ ಬೇಕು. ಅದು ಸುಮಾರು ಒಂದೂವರೆ ಗಂಟೆಗೆ ಭೂಮಿಗೆ ಒಂದು ಸುತ್ತು ಬರುತ್ತದೆ. ಪ್ರತಿ ಸುತ್ತಿನಲ್ಲೂ ಸುಡುಬಿಸಿಲು, ಕೂಡಲೇ ಕಡುಗತ್ತಲೆ. ಗಾಳಿಯಿಲ್ಲ. ಕೆಟ್ಟರೆ ರಿಪೇರಿ ಮಾಡಲು ಯಾರೂ ಹೋಗುವಂತಿಲ್ಲ. ಅದರ ಚೌಕಟ್ಟು, ಸೌರಫಲಕ, ಬ್ಯಾಟರಿ, ಶಾಖ ನಿಯಂತ್ರಣ, ರೇಡಿಯೋ, ದಿಕ್ಕು ಸರಿಪಡಿಸುವ ಸಾಧನ, ಒಳಗಿನ ಕಂಪ್ಯೂಟರ್ ಇವೆಲ್ಲವನ್ನೂ ಬೇರೆ ಬೇರೆ ಜನ ತಯಾರಿಸುತ್ತಾರೆ. ಒಬ್ಬರು ತಮ್ಮ ಭಾಗವನ್ನು ಗಟ್ಟಿ ಮಾಡಲು ಒಂದು ಕಿಲೋ ತೂಕ ಹೆಚ್ಚಿಸಿದರೆ ಇನ್ನೊಬ್ಬರು ಒಂದು ಕಿಲೋ ಬಿಟ್ಟುಕೊಡಬೇಕು. ಬ್ಯಾಟರಿ ಬಿಸಿಯಾದರೆ ಪಕ್ಕದ ರೇಡಿಯೋ ಕೆಡುತ್ತದೆ. ಈ ಎಲ್ಲ ಭಾಗಗಳನ್ನು ಒಂದು ಕುಟುಂಬದಂತೆ ಹೊಂದಿಸಿ, ಎಲ್ಲಿ ಯಾವುದು ಕೆಟ್ಟರೆ ಏನಾದೀತು ಎಂದು ಮೊದಲೇ ಯೋಚಿಸುವ ವಿದ್ಯೆಯೇ ವ್ಯವಸ್ಥೆಗಳ ಎಂಜಿನಿಯರಿಂಗ್.

ನಮ್ಮ ಮೊದಲ ಉಪಗ್ರಹ ಆರ್ಯಭಟ ಇದಕ್ಕೆ ಒಳ್ಳೆಯ ಉದಾಹರಣೆ. ಉಡುಪಿ ಬಳಿಯ ಅದಮಾರಿನವರಾದ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಅದು ತಯಾರಾಯಿತು. ಕೆಲಸ ಮಾಡಿದವರಲ್ಲಿ ಹೆಚ್ಚಿನವರು ಆಗತಾನೆ ಕಾಲೇಜಿನಿಂದ ಹೊರಬಂದ ಹುಡುಗರು, ಉಪಗ್ರಹವನ್ನು ಕಣ್ಣಿನಿಂದ ನೋಡಿಯೇ ಇರದವರು. 360 ಕಿಲೋ ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಮೇಲೆ ಕಕ್ಷೆ ಸೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ಒಂದು ಭಾಗ ಕೆಟ್ಟು ಅದರಲ್ಲಿದ್ದ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಆದರೆ ಉಪಗ್ರಹದ ಉಳಿದ ವ್ಯವಸ್ಥೆ ವರ್ಷಗಟ್ಟಲೆ ಸಂಕೇತ ಕಳುಹಿಸುತ್ತಲೇ ಇತ್ತು. ಒಂದು ಭಾಗ ಸತ್ತರೂ ಇಡೀ ವ್ಯವಸ್ಥೆ ಸಾಯದಂತೆ ಕಟ್ಟುವುದು ಹೇಗೆಂಬುದನ್ನು ಆ ಹುಡುಗರು ಮೊದಲ ಪ್ರಯತ್ನದಲ್ಲೇ ಕಲಿತರು.

ಅದೇ ವರ್ಷ ಆಗಸ್ಟ್‌ನಲ್ಲಿ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಮೂಲಕ ಪಾಠ ಹೇಳುವ ಪ್ರಯೋಗ ಶುರುವಾಗಿ ಒಂದು ವರ್ಷ ನಡೆಯಿತು. ನಮ್ಮ ರಾಯಚೂರು, ಗುಲ್ಬರ್ಗ, ವಿಜಾಪುರ ಕಡೆಯ ಹಳ್ಳಿಗಳೂ ಅದರಲ್ಲಿದ್ದವು. ಬೇಸಾಯ, ಆರೋಗ್ಯ, ಮಕ್ಕಳ ಶಿಕ್ಷಣ ಇವು ಅದರ ವಿಷಯಗಳು. ಶಾಲೆಯ ಜಗುಲಿಯ ಮೇಲೆ ಕುಳಿತ ಜನ ಬಾಹ್ಯಾಕಾಶದಿಂದ ಬಂದ ಚಿತ್ರವನ್ನು ನೋಡಿದರು. ಧವನ್ ಅವರ ದೃಷ್ಟಿಯಲ್ಲಿ ಬಾಹ್ಯಾಕಾಶ ವ್ಯವಸ್ಥೆ ಎಂದರೆ ರಾಕೆಟ್ಟಿನ ತುದಿಯಿಂದ ಹಳ್ಳಿಯ ಜಗುಲಿಯವರೆಗೆ ಎಲ್ಲವೂ ಸೇರಿದ್ದು.

ಕಲಿಯಲು ಅವರು ಯಾವ ಬಾಗಿಲನ್ನೂ ಮುಚ್ಚಲಿಲ್ಲ. 1974ರಲ್ಲಿ ಫ್ರಾನ್ಸಿನ ಸಂಸ್ಥೆಯೊಂದಿಗೆ ಒಪ್ಪಂದವಾಯಿತು. ನಮ್ಮ ಎಂಜಿನಿಯರುಗಳು ಅಲ್ಲಿಗೆ ಹೋಗಿ ಅವರ ವೈಕಿಂಗ್ ದ್ರವ ಇಂಧನ ಎಂಜಿನ್ ತಯಾರಿಕೆಯಲ್ಲಿ ದುಡಿಯಬೇಕು, ಬದಲಿಗೆ ಆ ವಿದ್ಯೆಯನ್ನು ಕಲಿತು ಬರಬೇಕು. ಹಣದ ಬದಲು ದುಡಿಮೆ ಕೊಟ್ಟು ವಿದ್ಯೆ ತಂದ ಆ ಒಪ್ಪಂದದ ಫಲವೇ ವಿಕಾಸ್ ಎಂಜಿನ್. ಪಿ.ಎಸ್.ಎಲ್.ವಿ. ರಾಕೆಟ್ಟಿನ ಎರಡನೇ ಹಂತದಲ್ಲಿ ಉರಿಯುವುದು ಅದೇ.

ಒಂದು ಕವಾಟದ ಪಾಠ

ನಮ್ಮದೇ ರಾಕೆಟ್ಟಿನಿಂದ ನಮ್ಮದೇ ಉಪಗ್ರಹವನ್ನು ಹಾರಿಸಬೇಕೆಂಬ ಗುರಿಯಿಂದ ಎಸ್.ಎಲ್.ವಿ.-3 ಯೋಜನೆ ನಡೆದಿತ್ತು. 22 ಮೀಟರ್ ಎತ್ತರ, 17 ಟನ್ ತೂಕ, ಘನ ಇಂಧನದ ನಾಲ್ಕು ಹಂತಗಳು. ಅದರ ಯೋಜನಾ ನಿರ್ದೇಶಕರು ರಾಮೇಶ್ವರದ ಎ.ಪಿ.ಜೆ. ಅಬ್ದುಲ್ ಕಲಾಂ. ಕಲಾಂ ಅವರೂ ಮೊದಲು ತಿರುಚ್ಚಿಯಲ್ಲಿ ಭೌತಶಾಸ್ತ್ರ ಓದಿ ಆಮೇಲೆ ವಿಮಾನ ಎಂಜಿನಿಯರಿಂಗ್‌ಗೆ ಬಂದವರು. ಮದ್ರಾಸಿನ ಕಾಲೇಜಿನ ಶುಲ್ಕಕ್ಕಾಗಿ ಅಕ್ಕ ಝೊಹರಾ ಅವರು ತಮ್ಮ ಚಿನ್ನದ ಬಳೆ, ಸರಗಳನ್ನು ಅಡವಿಟ್ಟ ಸಂಗತಿಯನ್ನು ನಮ್ಮ ಓದುಗರು ಬಲ್ಲರು.

1979ರ ಆಗಸ್ಟ್ 10ರಂದು ಮೊದಲ ರಾಕೆಟ್ ಹಾರಿತು. ಮೊದಲ ಹಂತ ಚೆನ್ನಾಗಿ ಉರಿಯಿತು. ಎರಡನೇ ಹಂತದಲ್ಲಿ ಹತೋಟಿ ತಪ್ಪಿತು. ಹಾರಿದ 317 ಸೆಕೆಂಡುಗಳಲ್ಲಿ ರಾಕೆಟ್ ಬಂಗಾಳ ಕೊಲ್ಲಿಯ ಪಾಲಾಯಿತು. ತನಿಖೆಯಲ್ಲಿ ಕಂಡದ್ದೇನು? ಎರಡನೇ ಹಂತದ ದಿಕ್ಕು ನಿಯಂತ್ರಿಸುವ ವ್ಯವಸ್ಥೆಯ ಒಂದು ಕವಾಟ ಸರಿಯಾಗಿ ಮುಚ್ಚಿಕೊಳ್ಳದೆ ಅದರಲ್ಲಿದ್ದ ನೈಟ್ರಿಕ್ ಆಮ್ಲ ಸೋರಿಹೋಗಿತ್ತು. ವರ್ಷಗಟ್ಟಲೆ ನೂರಾರು ಜನ ದುಡಿದ ರಾಕೆಟ್ ಒಂದು ಕವಾಟದಿಂದಾಗಿ ಸಮುದ್ರ ಸೇರಿತು. ವ್ಯವಸ್ಥೆ ಎಂಬ ಮಾತಿನ ತೂಕ ಇಷ್ಟು.

ಅಂದು ಕಲಾಂ ಅವರು ದಣಿದು, ನೊಂದು ಕುಗ್ಗಿಹೋಗಿದ್ದರು. ಪತ್ರಕರ್ತರು ಕಾದಿದ್ದರು. ಸಾರ್ವಜನಿಕ ಹಣ ನೀರುಪಾಲಾಯಿತೆಂಬ ಟೀಕೆ ಬರುವುದು ಖಚಿತವಿತ್ತು. ಆಗ ಧವನ್ ಅವರು ತಾವೇ ಪತ್ರಕರ್ತರ ಮುಂದೆ ಕುಳಿತರು. ಸೋಲಿನ ಹೊಣೆ ತಮ್ಮದೆಂದು ಹೇಳಿದರು. ತಮ್ಮ ತಂಡದ ಮೇಲೆ ಪೂರ್ಣ ನಂಬಿಕೆ ಇದೆ, ವರ್ಷದೊಳಗೆ ಗೆದ್ದು ತೋರಿಸುತ್ತಾರೆ ಎಂದು ಭರವಸೆ ಕೊಟ್ಟರು. 1980ರ ಜುಲೈ 18ರಂದು ಅದೇ ತಂಡ 35 ಕಿಲೋ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಮತ್ತೆ ಪತ್ರಿಕಾಗೋಷ್ಠಿ. ಈ ಸಲ ಧವನ್ ಅವರು ಹಿಂದೆ ಸರಿದು, ಗೋಷ್ಠಿಯನ್ನು ನಡೆಸುವಂತೆ ಕಲಾಂ ಅವರಿಗೆ ಹೇಳಿದರು. ಸೋಲು ಬಂದಾಗ ಮುಂದೆ ನಿಂತವರು ಗೆಲುವು ಬಂದಾಗ ಪಕ್ಕಕ್ಕೆ ಸರಿದರು. ಮುಂದೆ ರಾಷ್ಟ್ರಪತಿಯಾದ ಮೇಲೂ ಕಲಾಂ ಅವರು ಈ ಪ್ರಸಂಗವನ್ನು ಊರೂರಿನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು. ನಾಯಕತ್ವದ ಬಗ್ಗೆ ತಾವು ಕಲಿತ ದೊಡ್ಡ ಪಾಠ ಯಾವುದೇ ಪುಸ್ತಕದಿಂದಲ್ಲ, ಆ ಎರಡು ದಿನಗಳಿಂದ ಎಂದು ಅವರು ನೆನೆಯುತ್ತಿದ್ದರು.

ಹಕ್ಕಿಗಳ ಕಡೆಗೆ

1984ರಲ್ಲಿ ಧವನ್ ಅವರು ಇಸ್ರೋ ಅಧ್ಯಕ್ಷತೆಯನ್ನು ಯು.ಆರ್. ರಾವ್ ಅವರಿಗೆ ಒಪ್ಪಿಸಿದರು. ಅಷ್ಟರಲ್ಲಿ ಪಿ.ಎಸ್.ಎಲ್.ವಿ. ಯೋಜನೆಗೆ ಒಪ್ಪಿಗೆ ಸಿಕ್ಕಿತ್ತು. ಇನ್ಸಾಟ್ ಉಪಗ್ರಹಗಳ ಕಾಲ ಆರಂಭವಾಗಿತ್ತು. 1971ರಲ್ಲಿ ಪದ್ಮಭೂಷಣ, 1981ರಲ್ಲಿ ಪದ್ಮವಿಭೂಷಣ ಗೌರವಗಳು ಅವರಿಗೆ ಬಂದಿದ್ದವು. 1999ರಲ್ಲಿ ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ಇಂದಿರಾ ಗಾಂಧಿ ಪ್ರಶಸ್ತಿಯೂ ಬಂತು.

ಅಧಿಕಾರ ಬಿಟ್ಟ ಮೇಲೆ ಅವರ ಮನಸ್ಸು ಹೋದದ್ದು ಹಕ್ಕಿಗಳ ಕಡೆಗೆ. ಶ್ರೀಹರಿಕೋಟಾದ ಪಕ್ಕದಲ್ಲೇ ಇರುವ ಪುಲಿಕಾಟ್ ಸರೋವರಕ್ಕೆ ಪ್ರತಿವರ್ಷ ರಾಜಹಂಸ, ಹೆಜ್ಜಾರ್ಲೆ ಮೊದಲಾದ ಹಕ್ಕಿಗಳು ಸಾವಿರಗಟ್ಟಲೆ ಬರುತ್ತವೆ. ಗಾಳಿಯ ಹರಿವನ್ನು ಜೀವನವಿಡೀ ಅಭ್ಯಾಸ ಮಾಡಿದ ಮೇಷ್ಟ್ರು ಆ ಹಕ್ಕಿಗಳ ಹಾರಾಟವನ್ನು ವಿದ್ಯಾರ್ಥಿಯಂತೆ ಗಮನಿಸಿ ಒಂದು ಪುಸ್ತಕವನ್ನೇ ಬರೆದರು. ಉಡಾವಣಾ ಕೇಂದ್ರ ಕಟ್ಟುವಾಗ ಅಲ್ಲಿನ ಕಾಡು, ಹಕ್ಕಿಗಳು, ದ್ವೀಪದ ಮೂಲನಿವಾಸಿಗಳಾದ ಯಾನಾದಿ ಜನರ ಬಗ್ಗೆಯೂ ಅವರು ಕಾಳಜಿ ವಹಿಸಿದ್ದರು. 2002ರ ಜನವರಿ 3ರಂದು ಬೆಂಗಳೂರಿನಲ್ಲಿ ಅವರು ಕೊನೆಯುಸಿರೆಳೆದರು.

ನಮ್ಮ ವಿದ್ಯಾರ್ಥಿಗಳಿಗೆ

ಪ್ರಿಯ ವಿದ್ಯಾರ್ಥಿಗಳೇ, ಬಾಹ್ಯಾಕಾಶ ಎಂಜಿನಿಯರಿಂಗ್ ಓದಲು ಇಂದು ಅನೇಕ ದಾರಿಗಳಿವೆ. ಧವನ್ ಅವರ ಕಾಲದಲ್ಲಿ ಅದಕ್ಕಾಗಿ ಸಮುದ್ರ ದಾಟಬೇಕಿತ್ತು. ಇಂದು ತಿರುವನಂತಪುರದಲ್ಲಿ 2007ರಲ್ಲಿ ಸ್ಥಾಪನೆಯಾದ ಭಾರತೀಯ ಬಾಹ್ಯಾಕಾಶ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಪಿ.ಯು.ಸಿ. ನಂತರ ಸೇರಬಹುದು. ಅಲ್ಲಿಗೆ ಜೆ.ಇ.ಇ. ಅಡ್ವಾನ್ಸ್ಡ್ ಪರೀಕ್ಷೆಯ ಅಂಕಗಳ ಮೇಲೆ ಪ್ರವೇಶ. ಮುಂಬಯಿ, ಮದ್ರಾಸ್, ಕಾನ್ಪುರ, ಖರಗ್‌ಪುರದ ಐ.ಐ.ಟಿ.ಗಳಲ್ಲಿ ಏರೋಸ್ಪೇಸ್ ವಿಭಾಗಗಳಿವೆ. ಬಿ.ಇ. ಮುಗಿಸಿದವರು ಗೇಟ್ ಪರೀಕ್ಷೆ ಬರೆದು ಧವನ್ ಅವರು ಪಾಠ ಹೇಳಿದ ವಿಜ್ಞಾನ ಸಂಸ್ಥೆಯ ವಿಭಾಗಕ್ಕೇ ಹೋಗಬಹುದು. ಇನ್ನು ಊರಿನ ಕಾಲೇಜಿನಲ್ಲಿ ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್ ಓದುತ್ತಿರುವವರು ನಿರಾಶರಾಗಬೇಕಿಲ್ಲ. ಇಸ್ರೋ ತನ್ನ ಎಂಜಿನಿಯರುಗಳನ್ನು ಮುಖ್ಯವಾಗಿ ಆರಿಸಿಕೊಳ್ಳುವುದು ಈ ಮೂರು ಶಾಖೆಗಳಿಂದಲೇ.

ಆದರೆ ಸೀಟು ಸಿಗುವುದು ಆರಂಭ ಮಾತ್ರ. ಧವನ್ ಅವರ ಬದುಕು ನಮಗೆ ಹೇಳುವುದು ಬೇರೆ. ವಿಷಯ ಬದಲಾಯಿಸಿದ್ದರಿಂದ, ಎರಡು ವರ್ಷ ತಡವಾದದ್ದರಿಂದ ಯಾರೂ ಹಿಂದೆ ಬೀಳುವುದಿಲ್ಲ. ಅಳತೆಯಲ್ಲಿ ಅಸಡ್ಡೆ ಮಾಡಿದರೆ ಮಾತ್ರ ಹಿಂದೆ ಬೀಳುತ್ತೇವೆ. ಲ್ಯಾಬಿನ ರೆಕಾರ್ಡ್ ಪುಸ್ತಕವನ್ನು ಗೆಳೆಯನದನ್ನು ನೋಡಿ ನಕಲು ಮಾಡುವ ವಿದ್ಯಾರ್ಥಿ, ಮುಂದೆ ಒಂದು ದಿನ ಯಾವುದೋ ಕವಾಟವನ್ನು ಪರೀಕ್ಷಿಸದೆ ಸಹಿ ಹಾಕುವ ಎಂಜಿನಿಯರ್ ಆಗುತ್ತಾನೆ. ಆ ಸಹಿಯ ಬೆಲೆ ನೂರಾರು ಜನರ ದುಡಿಮೆ.

ಓದಿ ಎತ್ತರಕ್ಕೆ ಏರಿದ ಹಿರಿಯರಿಗೂ ಇಲ್ಲಿ ಒಂದು ಮಾತಿದೆ. ದೊಡ್ಡ ಹುದ್ದೆ ಬಂದ ಮೇಲೂ ಧವನ್ ಅವರು ವಿದ್ಯಾಸಂಸ್ಥೆಯ ಕೈಬಿಡಲಿಲ್ಲ. ತಾವು ಕಲಿತದ್ದನ್ನು ಮುಂದಿನವರಿಗೆ ಕೊಡುವ ಜಾಗವನ್ನು ಅವರು ಎಲ್ಲಕ್ಕಿಂತ ಮೇಲೆಂದು ಎಣಿಸಿದರು. ನಮ್ಮಲ್ಲೂ ಓದಿ ಕೆಲಸಕ್ಕೆ ಸೇರಿದವರು ವಾರಕ್ಕೊಂದು ದಿನ ತಾವು ಕಲಿತ ಶಾಲೆಗೆ ಹೋಗಿ ಎಂಟನೇ, ಒಂಬತ್ತನೇ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಟ್ಟರೆ ಅದೇನೂ ಸಣ್ಣ ಸೇವೆಯಲ್ಲ. ಕಾಶ್ಮೀರದಲ್ಲಿ ಹುಟ್ಟಿ, ಲಾಹೋರಿನಲ್ಲಿ ಓದಿ, ಕ್ಯಾಲಿಫೋರ್ನಿಯಾದಲ್ಲಿ ಕಲಿತು, ಬೆಂಗಳೂರನ್ನು ತನ್ನದಾಗಿಸಿಕೊಂಡ ಆ ಮೇಷ್ಟ್ರ ಹೆಸರು ಮುಂದಿನ ಸಲ ಟಿ.ವಿ.ಯಲ್ಲಿ ಕೇಳಿಬಂದಾಗ ಇದನ್ನು ನೆನಪಿಸಿಕೊಳ್ಳೋಣ.